ಹೀಟರ್ ಆಮೇಲೆ, ಮೊದಲು ಸಂದು ಮುಚ್ಚು

ಯಾವ ಹೀಟರ್ ತಗೊಳ್ಳಲಿ ಮಾವ ಅಂತ ಕೇಳಿದ್ದೀಯ. ಸ್ವಂತ ಮನೆಯಲ್ಲಿ ಇದು ನಿನಗೆ ಮೊದಲ ಚಳಿಗಾಲ. ಗ್ಯಾರೇಜಿನಲ್ಲಿ ಬೆಂಚು ಕಟ್ಟಿಯಾಗಿದೆ, ಟೇಬಲ್ ಸಾ ಬಂದು ಕೂತಿದೆ, ನವೆಂಬರ್ ಬರುತ್ತಿದ್ದ ಹಾಗೇ ಬೆರಳು ಮರಗಟ್ಟತೊಡಗಿದೆ. ಅಂಗಡಿಗೆ ಹೋದರೆ ಸಾಲು ಸಾಲು ಹೀಟರುಗಳು, ಒಂದೊಂದು ಡಬ್ಬದ ಮೇಲೂ ಕೆಂಪಗೆ ಉರಿಯುವ ಚಿತ್ರ. ನೀನು ಕೇಳಿದ್ದು ಸಹಜವೇ. ಆದರೆ ಮಿನಿಯಾಪೊಲಿಸ್‌ನಂಥ ಊರಿನಲ್ಲಿ ನಿನ್ನ ದುಡ್ಡು ತಿನ್ನುವುದು ಹೀಟರಲ್ಲ. ಕೋಣೆಯಿಂದ ಬಿಸಿ ಎಷ್ಟು ಬೇಗ ಓಡಿಹೋಗುತ್ತದೆ ಅನ್ನುವುದು ತಿನ್ನುತ್ತದೆ. ಅದನ್ನು ಹಿಡಿದು ನಿಲ್ಲಿಸದೆ ಹೀಟರ್ ಆರಿಸಲು ಹೊರಟರೆ ಬೇಕಾದ್ದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದನ್ನೇ ತಂದು ಕೂರಿಸುತ್ತೀಯ.

ಲೆಕ್ಕ ನೋಡು. ನಿನ್ನದು ಎರಡು ಕಾರಿನ ಗ್ಯಾರೇಜು, 24 ಅಡಿಗೆ 24 ಅಡಿ, ಎತ್ತರ ಒಂಬತ್ತಡಿ, ಒಂದು ಗೋಡೆ ಮನೆಗೆ ಅಂಟಿದೆ. ನಿಮ್ಮೂರಲ್ಲಿ ಜನವರಿಯ ಸರಾಸರಿ 16 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಮೈನಸ್ ಒಂಬತ್ತು ಸೆಲ್ಸಿಯಸ್. ಒಳಗೆ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹತ್ತು ಸೆಲ್ಸಿಯಸ್ ಇದ್ದರೆ ಸಾಕು ಅಂದುಕೊಳ್ಳೋಣ. ಬಾಗಿಲು ಬರೀ ತಗಡಿನದು, ಗೋಡೆಯೊಳಗೆ ಏನೂ ತುಂಬಿಲ್ಲ, ಚಾವಣಿಗೆ ಬರೀ ಡ್ರೈವಾಲ್, ಗಂಟೆಗೆ ಎರಡು ಸಲ ಒಳಗಿನ ಗಾಳಿಯೆಲ್ಲ ಬದಲಾಗುವಷ್ಟು ಸಂದುಗಳು. ಇಂಥ ಕೋಣೆಗೆ ಗಂಟೆಗೆ ಸುಮಾರು 26,000 ಬಿಟಿಯು, ಅಂದರೆ ಏಳೂವರೆ ಕಿಲೋವ್ಯಾಟ್ ಬಿಸಿ ಎಡೆಬಿಡದೆ ಬೇಕು. ಅದೇ ಕೋಣೆಯ ಚಾವಣಿಗೆ ಆರ್-38, ಗೋಡೆಗೆ ಆರ್-13 ಇನ್ಸುಲೇಷನ್ ತುಂಬು (ಆರ್ ಅಂದರೆ ಬಿಸಿ ಸೋರದಂತೆ ತಡೆಯುವ ಶಕ್ತಿಯ ಅಳತೆ), ಬಾಗಿಲಿಗೆ ಒಳಗಡೆಯಿಂದ ಫೋಮ್ ಹಲಗೆ ಕೂರಿಸು, ಗಾಳಿ ಬದಲಾಗುವುದನ್ನು ಎರಡು ಗಂಟೆಗೊಂದು ಸಲಕ್ಕೆ ಇಳಿಸು. ಆಗ ಎರಡು ಕಿಲೋವ್ಯಾಟಿನ ಒಳಗೇ ಮುಗಿಯುತ್ತದೆ. ಯೂನಿಟ್ಟಿಗೆ 15 ಸೆಂಟ್ ಅಂತ ಹಿಡಿದರೂ ದಿನಪೂರ್ತಿ ಬೆಚ್ಚಗಿಡಲು ಮೊದಲಿನ ಕೋಣೆಗೆ 27 ಡಾಲರ್, ಎರಡನೆಯದಕ್ಕೆ ಏಳು ಡಾಲರ್. ತೀರ್ಥಹಳ್ಳಿ ಮನೆಯ ಬಚ್ಚಲಲ್ಲಿ ಹಂಡೆಗೆ ಮುಚ್ಚಳ ಹಾಕದೆ ಸೌದೆ ಒಟ್ಟುತ್ತಿದ್ದವರನ್ನು ನಿನ್ನ ಅಜ್ಜಿ ಬೈಯುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ಉಳಿಯುವ ಐದೂವರೆ ಕಿಲೋವ್ಯಾಟಿನಲ್ಲಿ ಅರ್ಧದ ಹತ್ತಿರ ಚಾವಣಿ ಒಂದರಿಂದಲೇ ಬರುತ್ತದೆ. ಅದರ ನಂತರ ಸಂದು ಮುಚ್ಚುವುದು. ಬಾಗಿಲು, ಗೋಡೆ ಆಮೇಲೆ. ಆದರೂ ಕೆಲಸ ಶುರು ಮಾಡಬೇಕಾದ್ದು ಸಂದಿನಿಂದ. ಅದಕ್ಕೆ ಖರ್ಚು ಕಡಿಮೆ, ಒಂದು ದಿನದಲ್ಲಿ ಆಗುವಂಥದ್ದು, ಸಂದು ಬಿಟ್ಟು ಮೇಲೆ ಇನ್ಸುಲೇಷನ್ ತುಂಬಿದರೆ ಅರ್ಧ ಪ್ರಯೋಜನ ಗಾಳಿಯ ಪಾಲು.

ಸಂದು ಹುಡುಕಲು ದೇವರ ಮನೆಯ ಊದುಬತ್ತಿ ಸಾಕು. ಗಾಳಿ ಜೋರಾಗಿ ಬೀಸುವ ದಿನ ನೋಡಿಕೊಂಡು, ಒಳಗೆ ಥಿನ್ನರು ಪೆಟ್ರೋಲು ಏನೂ ಇಲ್ಲದಂತೆ ಮಾಡಿ, ನೆಲದ ಮೇಲಿನ ಮರದ ಪುಡಿ ಗುಡಿಸಿ, ಬತ್ತಿ ಹಚ್ಚಿ ಗೋಡೆಯ ಬುಡದುದ್ದಕ್ಕೂ ನಿಧಾನವಾಗಿ ನಡೆ. ನೇರಕ್ಕೆ ಏಳುತ್ತಿದ್ದ ಹೊಗೆ ಎಲ್ಲಿ ಸಟ್ಟನೆ ಅಡ್ಡಕ್ಕೆ ತಿರುಗುತ್ತದೋ ಅಲ್ಲೊಂದು ಪೆನ್ಸಿಲ್ ಗೀಟು ಹಾಕು. ಕಾಂಕ್ರೀಟಿನ ಮೇಲೆ ಮರದ ಅಡಿಪಟ್ಟಿ ಕೂತಿರುತ್ತದಲ್ಲ, ಆ ಕೂಡಿಕೆಯಲ್ಲಿ ಬೇಕಾದಷ್ಟು ಗೀಟು ಬೀಳುತ್ತವೆ. ಸ್ವಿಚ್ ಡಬ್ಬಗಳ ಹಿಂದೆ, ನಲ್ಲಿ ಪೈಪು ಹೊರಗೆ ಹೋಗುವಲ್ಲಿ, ಅಟ್ಟದ ಮುಚ್ಚಳದ ಸುತ್ತ ಇನ್ನಷ್ಟು. ಮೇಲಿನ ತೂತುಗಳನ್ನು ಕಡೆಗಣಿಸಬೇಡ. ಬಿಸಿಗಾಳಿ ಮೇಲಿಂದ ನುಸುಳಿ ಹೋಗುತ್ತದೆ, ಅಷ್ಟೇ ತಣ್ಣನೆ ಗಾಳಿಯನ್ನು ಕೆಳಗಿನ ಸಂದು ಒಳಗೆಳೆದುಕೊಳ್ಳುತ್ತದೆ. ಮೇಲೆ ಮುಚ್ಚಿದರೆ ಕೆಳಗಿನದರ ಹಾವಳಿಯೂ ತಗ್ಗುತ್ತದೆ.

ಸಂದುಗಳ ಪೈಕಿ ಎಲ್ಲಕ್ಕಿಂತ ದೊಡ್ಡ ಕಳ್ಳ ಗ್ಯಾರೇಜಿನ ಬಾಗಿಲು. ಹದಿನಾರಡಿ ಅಗಲದ ಬಾಗಿಲಿನ ಕೆಳಗೆ ಕಾಲಿಂಚು ಸಂದಿದೆ ಅಂದರೆ 48 ಚದರ ಇಂಚು. ಗೋಡೆಯಲ್ಲಿ ಏಳಿಂಚು ಉದ್ದ ಏಳಿಂಚು ಅಗಲದ ಕಿಂಡಿ ಕೊರೆದು ಜನವರಿಯಲ್ಲಿ ಹಾಗೇ ಬಿಟ್ಟರೆ ಎಷ್ಟೋ ಅಷ್ಟು. ಅಡಿಯ ರಬ್ಬರು ಹಳೆಯದಾದರೆ ಚಳಿಗೆ ಗಡುಸಾಗಿ ನೆಲಕ್ಕೆ ಕೂರುವುದೇ ಇಲ್ಲ. ಅದನ್ನು ಬದಲಿಸು, ಎರಡು ಪಕ್ಕಕ್ಕೂ ಮೇಲಕ್ಕೂ ಹೊಸ ಪಟ್ಟಿ ಹೊಡೆ. ನೆಲ ಏರುತಗ್ಗಿದ್ದರೆ ನೆಲಕ್ಕೇ ಅಂಟಿಸುವ ರಬ್ಬರ್ ಹೊಸ್ತಿಲು ಸಿಗುತ್ತದೆ. ಆಮೇಲೆ ಬಾಗಿಲಿನ ಒಳಮೈಗೆ ಫೋಮ್ ಕಿಟ್ ಕೂರಿಸು. ಅದು ಕೂತ ಮೇಲೆ ಬಾಗಿಲಿನ ತೂಕ ಹೆಚ್ಚುತ್ತದೆ, ಮೇಲಿನ ಸ್ಪ್ರಿಂಗಿನ ಬಿಗಿ ಸಾಲದೆ ಬಾಗಿಲು ಎತ್ತುವ ಮೋಟಾರು ಏದುಸಿರು ಬಿಡುತ್ತದೆ. ಸ್ಪ್ರಿಂಗ್ ಬಿಗಿಯುವುದನ್ನು ಆ ಕೆಲಸದವರನ್ನು ಕರೆಸಿಯೇ ಮಾಡಿಸು. ತುಂಬಿದ ಸ್ಪ್ರಿಂಗು ಜಾರಿದರೆ ಕೈ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಇನ್ನು ಚಳಿಗಾಲದಲ್ಲಿ ಕಾರು ಒಳಗೆ ತರಬೇಕಾಗಿಲ್ಲ ಅನ್ನುವ ಹಾಗಿದ್ದರೆ ನಿನ್ನ ಅದೃಷ್ಟ, ಬಾಗಿಲನ್ನು ಮಾರ್ಚಿನ ತನಕ ಮುಚ್ಚಿಯೇ ಇಟ್ಟು ಪಕ್ಕದ ಸಣ್ಣ ಬಾಗಿಲಲ್ಲಿ ಓಡಾಡು.

ಚಾವಣಿಗೆ ಸೆಲ್ಯುಲೋಸ್ ತುಂಬುವುದು ಅಗ್ಗ, ಕೆಲಸವೂ ಸುಲಭ. ಹಳೇ ಪೇಪರನ್ನು ಅರೆದು, ಬೆಂಕಿ ಹಿಡಿಯದಂತೆ ಬೋರೇಟ್ ಸೇರಿಸಿ ಮಾಡಿದ ಬೂದು ಹಿಂಜು ಅದು. ಒಂದು ಇಂಚಿಗೆ ಆರ್ ಮೂರೂವರೆ ಅಂತ ಹಿಡಿ, ಹನ್ನೊಂದು ಇಂಚಿಗೆ 38 ಆಯಿತು. ಇಂತಿಷ್ಟು ಚೀಲ ಕೊಂಡರೆ ಊದುವ ಯಂತ್ರವನ್ನು ದಿನದ ಮಟ್ಟಿಗೆ ಪುಕ್ಕಟೆ ಕೊಡುವ ಅಂಗಡಿಗಳಿವೆ, ಕೇಳು. ಒಬ್ಬ ಕೆಳಗೆ ಚೀಲ ಒಡೆದು ಸುರಿಯಬೇಕು, ಇನ್ನೊಬ್ಬ ಮೇಲೆ ಪೈಪು ಹಿಡಿದಿರಬೇಕು. ಇಬ್ಬರಿಗೂ ಮಾಸ್ಕ್ ಇರಲಿ. ಸೂರಿನ ಅಂಚಿನಲ್ಲಿ ಅಟ್ಟಕ್ಕೆ ಗಾಳಿ ಬರುವ ದಾರಿಯನ್ನು ಮಾತ್ರ ಮುಚ್ಚಿಬಿಡಬೇಡ, ಅಲ್ಲಿ ತಡೆ ಹಲಗೆ ಸಿಕ್ಕಿಸಿ ಆಮೇಲೆ ಊದು. ಆ ಗಾಳಿ ನಿಂತರೆ ಅಟ್ಟದಲ್ಲಿ ನೀರಾಡಿ ಮರಕ್ಕೆ ಬೂಸಲು ಹಿಡಿಯುತ್ತದೆ.

ಗೋಡೆಗೆ ಗಾಜಿನ ನಾರಿನ ಹಾಸು ತುಂಬುವಾಗ ಅದಕ್ಕೆ ಅಂಟಿಸಿರುವ ಕಂದು ಕಾಗದ ಒಳಗಡೆ, ಬೆಚ್ಚಗಿನ ಕಡೆ ಇರಬೇಕು. ಫೋಮ್ ಹಲಗೆ ಹಾಕಿದರೆ ಅದರ ಮೇಲೆ ಅರ್ಧ ಇಂಚಿನ ಡ್ರೈವಾಲ್ ಹೊಡೆಯದೆ ಬಿಡಬೇಡ. ಬಯಲಾಗಿ ಬಿಟ್ಟ ಫೋಮಿಗೆ ಗ್ರೈಂಡರಿನ ಕಿಡಿ ಹಾರಿದರೆ ಉರಿ, ವಿಷದ ಹೊಗೆ ಎರಡೂ ಏಳುತ್ತವೆ. ಮನೆಗೂ ಗ್ಯಾರೇಜಿಗೂ ನಡುವಿನ ಬಾಗಿಲು ತೆಗೆದಿಟ್ಟು ಮನೆಯ ಬಿಸಿಯನ್ನೇ ಇತ್ತ ಹರಿಸಿಕೊಳ್ಳುವ ಜಾಣತನವೂ ಬೇಡ, ಮನೆಯ ಫರ್ನೇಸಿನ ಡಕ್ಟಿಗೆ ಇಲ್ಲೊಂದು ತೂತು ಕೊರೆಯುವುದೂ ಬೇಡ. ಬಣ್ಣದ ವಾಸನೆ, ಕಾರಿನ ಹೊಗೆ ಎಲ್ಲ ಮಕ್ಕಳು ಮಲಗುವ ಕೋಣೆಗೆ ಹೋಗುತ್ತದೆ. ನಡುವಿನ ಆ ಗೋಡೆ ಬೆಂಕಿ ತಡೆಯಲೆಂದೇ ಕಟ್ಟಿರುವಂಥದ್ದು.

ಇಷ್ಟಾದ ಮೇಲೆ, ಎಷ್ಟು ಬಿಸಿ ಬೇಕು ಅನ್ನುವ ಮಾತು. ನೀನು ಕೂತು ಕಂಪ್ಯೂಟರ್ ಒತ್ತುವ ಕೋಣೆಯಲ್ಲ ಇದು. ನಿಂತು, ಎತ್ತಿ, ಉಜ್ಜಿ ಕೆಲಸ ಮಾಡುವವನಿಗೆ 50-55 ಡಿಗ್ರಿ ಬೇಕಾದಷ್ಟಾಯಿತು. ಮನೆಯಲ್ಲಿಟ್ಟ ಹಾಗೆ 70 ಇಟ್ಟರೆ ಹೊರಗಿನ 16ಕ್ಕೂ ಒಳಗಿನದಕ್ಕೂ ಇರುವ ಅಂತರ 34ರಿಂದ 54ಕ್ಕೆ ಏರಿತು, ಖರ್ಚೂ ಅದೇ ಪ್ರಮಾಣದಲ್ಲಿ ಏರುತ್ತದೆ. ವರ್ಕ್‌ಶಾಪಿನಲ್ಲಿ ಬಿಸಿ ನಿಜವಾಗಿ ಬೇಕಾಗಿರುವುದು ಮೂರಕ್ಕೆ: ನಿನ್ನ ಕೈಗೆ, ಅಂಟಿಗೆ, ಕಬ್ಬಿಣಕ್ಕೆ.

ಅಂಟಿನದು ಹೇಳುತ್ತೇನೆ. ನಮ್ಮೂರಲ್ಲಿ ಎಲ್ಲಕ್ಕೂ ಫೆವಿಕಾಲ್ ಅನ್ನುತ್ತೇವಲ್ಲ, ಇಲ್ಲಿಯ ಹಳದಿ ಮರದಂಟೂ ಅದೇ ಜಾತಿಯದು. 50 ಡಿಗ್ರಿಗಿಂತ ಕೆಳಗೆ ಹಚ್ಚಿದರೆ ಅದರಲ್ಲಿ ಬಹುಪಾಲು ಸರಿಯಾಗಿ ಪೊರೆ ಕಟ್ಟುವುದಿಲ್ಲ. ಒಣಗಿದ ಮೇಲೆ ಬೆಳ್ಳಗೆ ಪುಡಿಪುಡಿಯಾಗಿ ಕಾಣುತ್ತದೆ, ಕೂಡಿಕೆ ಕೈಯಲ್ಲೇ ಬಿಟ್ಟುಕೊಳ್ಳುತ್ತದೆ. ಅಂಟು ಮಾತ್ರ ಬೆಚ್ಚಗಿದ್ದರೆ ಸಾಲದು, ಮರವೂ ಬೆಚ್ಚಗಿರಬೇಕು. ಅದಕ್ಕಾಗಿ ಇಡೀ ಗ್ಯಾರೇಜನ್ನು ಇಡೀ ರಾತ್ರಿ ಕಾಯಿಸುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ತುಂಡುಗಳನ್ನು ಹಿಂದಿನ ದಿನವೇ ಮನೆಯ ಬೇಸ್‌ಮೆಂಟಿಗೆ ಒಯ್ದಿಡು, ಅಂಟಿಸುವ ಕೆಲಸ ಅಲ್ಲೇ ಮಾಡಿ ಕ್ಲಾಂಪ್ ಬಿಗಿದು ಬಿಡು. ಅಂಟಿನ ಬಾಟಲಿ, ನೀರಿನ ಬಣ್ಣ, ವಾರ್ನಿಷ್ ಹೆಪ್ಪುಗಟ್ಟದಂತೆ ಇಡಲು ಕೆಟ್ಟುಹೋದ ಹಳೇ ಫ್ರಿಜ್ಜಿನಷ್ಟು ಒಳ್ಳೆಯ ಬೀರು ಇನ್ನೊಂದಿಲ್ಲ. ತಣ್ಣಗಿಡಲು ಮಾಡಿದ ಗೋಡೆಯೇ ಬೆಚ್ಚಗೂ ಇಡುತ್ತದೆ. ಒಳಗೆ ಸಸಿ ಮೊಳೆಸಲು ಕುಂಡದ ಕೆಳಗೆ ಹಾಸುವ 20 ವ್ಯಾಟಿನ ಹೀಟ್ ಮ್ಯಾಟ್ ಒಂದು, ಅದಕ್ಕೊಂದು ಥರ್ಮೋಸ್ಟಾಟ್ ಇದ್ದರೆ ಆಯಿತು. ಥಿನ್ನರ್, ಲ್ಯಾಕರ್, ಸ್ಪಿರಿಟ್ಟಿನ ಡಬ್ಬಗಳನ್ನು ಮಾತ್ರ ಅದರೊಳಗೆ ಸೇರಿಸಬೇಡ.

ಕಬ್ಬಿಣದ್ದು ತುಸು ಸೂಕ್ಷ್ಮ. ರಾತ್ರಿಯಿಡೀ ಹೆಪ್ಪುಗಟ್ಟುವ ಚಳಿಯಲ್ಲಿದ್ದ ಟೇಬಲ್ ಸಾದ ಎರಕದ ಮೇಲ್ಮೈ ಬೆಳಿಗ್ಗೆ ಗಾಳಿ ಬಿಸಿಯಾದಷ್ಟು ಬೇಗ ಬಿಸಿಯಾಗುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಅದು ತಣ್ಣನೆ ಕಬ್ಬಿಣದ ಮೇಲೆ ಬೆವರಾಗಿ ಕೂರುತ್ತದೆ, ಸಂಜೆಯೊಳಗೆ ಕಂದು ಚುಕ್ಕಿ. ಹಿಮ ಹೊತ್ತ ಕಾರನ್ನು ಪಕ್ಕದಲ್ಲೇ ತಂದು ನಿಲ್ಲಿಸಿದರೆ ತೇವಕ್ಕೆ ಬರವಿಲ್ಲ. ಸಿಲಿಕೋನ್ ಇಲ್ಲದ ಪೇಸ್ಟ್ ವ್ಯಾಕ್ಸ್ ತಿಂಗಳಿಗೊಮ್ಮೆ ಉಜ್ಜು, ಕೆಲಸವಿಲ್ಲದಾಗ ಮೇಲೊಂದು ಹಾಸು ಹೊದಿಸು, ಬಿಸಿಯನ್ನು ನಿಧಾನವಾಗಿ ಏರಿಸು. ಕೋಣೆಗೆ ಚೆನ್ನಾಗಿ ಇನ್ಸುಲೇಷನ್ ಆಗಿದ್ದರೆ ಕೆಲಸವಿಲ್ಲದ ದಿನಗಳಲ್ಲೂ 40-45 ಡಿಗ್ರಿ ಉಳಿಸಿಕೊಳ್ಳುವುದು ಒಳ್ಳೆಯದು. ಆಗಿಲ್ಲದಿದ್ದರೆ ಅದು ದುಂದು. ಹಾಗೇ, ಆರಿಸಿ ಮತ್ತೆ ಹಚ್ಚಿದರೆ ಜಾಸ್ತಿ ಖರ್ಚು, ಒಂದೇ ಸಮ ಇಟ್ಟಿರಬೇಕು ಅಂತ ಹೇಳುವವರು ಸಿಗುತ್ತಾರೆ. ನಂಬಬೇಡ. ಕೋಣೆ ತಣ್ಣಗಿದ್ದಷ್ಟು ಹೊತ್ತೂ ಬಿಸಿ ಸೋರುವುದು ಕಡಿಮೆ, ಉಳಿತಾಯ ಉಳಿತಾಯವೇ.

ಕೈಯ ವಿಷಯದಲ್ಲಿ ಮಾತ್ರ ಜುಗ್ಗತನ ಮಾಡಬೇಡ. ಮರಗಟ್ಟಿದ ಬೆರಳಿಗೆ ಬ್ಲೇಡು ಎಷ್ಟು ಹತ್ತಿರ ಇದೆ ಅನ್ನುವುದು ತಿಳಿಯುವುದಿಲ್ಲ. ಕೈ ಬೆಚ್ಚಗಾಗುವ ತನಕ ಯಂತ್ರದ ಸ್ವಿಚ್ ಮುಟ್ಟಬಾರದು. ಹಾಗಂತ ಗ್ಲೌಸ್ ಹಾಕಿಕೊಂಡು ಸಾ, ಲೇತ್, ಡ್ರಿಲ್ ಪ್ರೆಸ್ ಮುಂದೆ ನಿಲ್ಲುವುದು ಇನ್ನೂ ಅಪಾಯ, ತಿರುಗುವ ಯಂತ್ರ ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ನಿನ್ನಮ್ಮ ಕಳಿಸಿದ ಶಾಲನ್ನು ಟೀವಿ ಮುಂದೆ ಹೊದ್ದುಕೋ, ಲೇತ್ ಮುಂದೆ ಬೇಡ. ಮೈಗಂಟಿದ ಉಣ್ಣೆಯ ಒಳಅಂಗಿ, ಬ್ಯಾಟರಿಯಿಂದ ಬಿಸಿಯಾಗುವ ಜಾಕೆಟ್ ಸರಿ. ಆ ಜಾಕೆಟ್ಟು ಎಳೆಯುವುದು ಹತ್ತಿಪ್ಪತ್ತು ವ್ಯಾಟು, ಪ್ಲಗ್ ಹೀಟರ್ ಎಳೆಯುವುದು 1500 ವ್ಯಾಟು. ಕಾಲಿನದೂ ಹಾಗೇ. ತಣ್ಣನೆ ಕಾಂಕ್ರೀಟ್ ಅಂಗಾಲಿನಿಂದ ಬಿಸಿ ಹೀರುತ್ತದೆ, ಕಾಲು ತಣ್ಣಗಾದರೆ ಕೋಣೆ ಎಷ್ಟು ಬೆಚ್ಚಗಿದ್ದರೂ ಚಳಿಯೇ. ಬೆಂಚಿನ ಮುಂದೆ, ಸಾದ ಮುಂದೆ ದಪ್ಪ ರಬ್ಬರ್ ಹಾಸು ಹಾಕು. ಕಾರು ಬರುವುದೇ ಇಲ್ಲವಾದರೆ ಒಂದಿಂಚು ಗಟ್ಟಿ ಫೋಮ್, ಮೇಲೆ ಮುಕ್ಕಾಲಿಂಚು ಪ್ಲೈವುಡ್. ಬೆನ್ನು ನೋವೂ ಕಡಿಮೆಯಾಗುತ್ತದೆ, ಕೈಜಾರಿ ಬಿದ್ದ ಉಳಿಯ ಬಾಯಿಯೂ ಉಳಿಯುತ್ತದೆ.

ಈಗ ಹೀಟರಿಗೆ ಬಾ. ಮೊದಲು ಬೇಡವಾದದ್ದು ಹೇಳಿಬಿಡುತ್ತೇನೆ: ಹೊಗೆಕೊಳವೆ ಇಲ್ಲದ ಪ್ರೊಪೇನ್ ಅಥವಾ ಸೀಮೆಎಣ್ಣೆ ಹೀಟರ್. ನೋಡಲು ಅಗ್ಗ, ಹಚ್ಚಿದ ಕೂಡಲೇ ಮುಖಕ್ಕೆ ಬಿಸಿ ಹೊಡೆಯುತ್ತದೆ, ಎಲ್ಲರೂ ಮರುಳಾಗುತ್ತಾರೆ. ಆದರೆ ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಗ್ರಿಲ್ಲಿಗೆ ಹಾಕುವ 20 ಪೌಂಡಿನ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಹದಿನೈದು ಲೀಟರ್ ಹತ್ತಿರ, ಒಂದು ದೊಡ್ಡ ಕೊಡ ನೀರು ನಿನ್ನ ಮುಚ್ಚಿದ ಕೋಣೆಯ ಗಾಳಿಯಲ್ಲಿ. ಅದು ಹೋಗಿ ಕೂರುವುದು ಆ ತಣ್ಣನೆ ಎರಕದ ಮೇಲೆಯೇ. ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಜೊತೆಗೆ ತೇಲುವ ಮರದ ಪುಡಿಯ ನಡುವೆ, ಲ್ಯಾಕರ್ ಆವಿಯ ನಡುವೆ ಬಯಲು ಜ್ವಾಲೆ. ಸಂದು ಮುಚ್ಚಿದ ಕೋಣೆಯಲ್ಲಿ ಇದನ್ನು ಹಚ್ಚುವುದು ಮೊದಲಿಗಿಂತ ದೊಡ್ಡ ಅಪಾಯ.

ಕಟ್ಟಿಗೆ ಒಲೆಯ ಆಸೆ ಪ್ರತಿ ಬಡಗಿಗೂ ಒಮ್ಮೆ ಬರುತ್ತದೆ, ಚೂರುಪಾರು ಮರ ಪುಕ್ಕಟೆ ಸಿಗುತ್ತದಲ್ಲ ಅಂತ. ಗ್ಯಾರೇಜಿನಲ್ಲಿ ಅದನ್ನಿಟ್ಟರೆ ಮನೆಯ ವಿಮೆ ಕಂಪನಿ ಮುಖ ತಿರುಗಿಸುವುದೇ ಹೆಚ್ಚು. ಪ್ಲೈವುಡ್, ಎಂಡಿಎಫ್ ಚೂರಂತೂ ಸುಡುವ ವಸ್ತುವೇ ಅಲ್ಲ. ಆ ಆಸೆ ಬಿಡು.

ಉಳಿದದ್ದನ್ನು ಅಳೆಯಲು ನಿನ್ನ ಬಿಲ್ಲುಗಳನ್ನು ಮುಂದಿಟ್ಟುಕೋ. ಒಂದು ಯೂನಿಟ್ ಬಿಸಿಗೆ ಎಷ್ಟು ಬೀಳುತ್ತದೆ ಅಂತ ನೋಡಬೇಕು. ಸಾದಾ ವಿದ್ಯುತ್ ಹೀಟರಾದರೆ ಯೂನಿಟ್ಟಿನ ಬೆಲೆಯೇ ಉತ್ತರ. ಹೊಗೆಕೊಳವೆ ಇರುವ ಗ್ಯಾಸ್ ಹೀಟರಾದರೆ ಒಂದು ಥರ್ಮಿನ ಬೆಲೆಯನ್ನು 23ರಿಂದ ಭಾಗಿಸು, ಪ್ರೊಪೇನ್ ಆದರೆ ಒಂದು ಗ್ಯಾಲನ್ನಿನ ಬೆಲೆಯನ್ನು 21ರಿಂದ. ಶೇಕಡಾ 80 ದಕ್ಷತೆ ಹಿಡಿದ ಲೆಕ್ಕ ಇದು. ಹೀಟ್ ಪಂಪ್ ಆದರೆ ಯೂನಿಟ್ಟಿನ ಬೆಲೆಯನ್ನು ಎರಡೂವರೆಯಿಂದ ಭಾಗಿಸು, ಕಡು ಚಳಿಯ ದಿನ ಎರಡರಿಂದ. ಮೈನಸ್ 25 ಸೆಲ್ಸಿಯಸ್ ತನಕವೂ ಓಡುವ ಹೀಟ್ ಪಂಪುಗಳು ಈಗ ಸಿಗುತ್ತವೆ, ಅವೇ ಬೇಸಿಗೆಯಲ್ಲಿ ಎಸಿ ಆಗುತ್ತವೆ, ಜ್ವಾಲೆಯ ಗೊಡವೆಯಿಲ್ಲ. ಆದರೆ ಕೂರಿಸಲು ಸಾವಿರಾರು ಡಾಲರ್. ದಿನಾ ಸಂಜೆ ಕೆಲಸ ಮಾಡುವವನಿಗೆ, ಇದರಿಂದಲೇ ನಾಲ್ಕು ಕಾಸು ಸಂಪಾದಿಸುವವನಿಗೆ ಸರಿ. ಶನಿವಾರ ಭಾನುವಾರ ನಾಲ್ಕು ಗಂಟೆ ನಿಲ್ಲುವ ನಿನಗೆ ಆ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು.

ನಿನಗೆ ನಾನು ಹೇಳುವುದು ಬೆಂಚಿನ ಮೇಲೆ ತೂಗುಹಾಕುವ ವಿದ್ಯುತ್ತಿನ ಇನ್‌ಫ್ರಾರೆಡ್ ಹೀಟರ್. ಅದು ಗಾಳಿಯನ್ನು ಕಾಯಿಸುತ್ತ ಕೂರುವುದಿಲ್ಲ, ಬಿಸಿಲಿನ ಹಾಗೆ ನಿನ್ನ ಮೈಮೇಲೆ, ಬೆಂಚಿನ ಮೇಲೆ ನೇರ ಬೀಳುತ್ತದೆ. ಐದು ನಿಮಿಷದಲ್ಲಿ ಕೆಲಸ ಶುರು. 120 ವೋಲ್ಟಿನ ಲೈನಿನಲ್ಲಿ 1500 ವ್ಯಾಟ್ ಅಂದರೆ ಹನ್ನೆರಡೂವರೆ ಆಂಪಿಯರ್. ಅದೇ ಲೈನಿಗೆ ಟೇಬಲ್ ಸಾ ಹಾಕಿದರೆ ಬ್ರೇಕರ್ ಬೀಳುತ್ತದೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ ವೈರು ಕರಗಬಹುದು. ಹೀಟರಿಗೇ ಬೇರೆ ಲೈನ್ ಎಳೆಸು, ಲೈಸೆನ್ಸ್ ಇರುವವನಿಂದ. ಮರದ ಪುಡಿ ಅದರ ಮೇಲೆ ಕೂರದಂತೆ ವಾರಕ್ಕೊಮ್ಮೆ ಊದಿ ತೆಗೆ.

ಬಹಳ ಜನ ಮರೆಯುವ ಇನ್ನೊಂದು ತೂತಿದೆ: ಡಸ್ಟ್ ಕಲೆಕ್ಟರ್. ಪುಡಿಯನ್ನು ಪೈಪಿನಲ್ಲಿ ಹೊರಗೆ ಹಾಕುವಂಥದ್ದು ಶ್ವಾಸಕೋಶಕ್ಕೆ ಒಳ್ಳೆಯದು, ಬಿಲ್ಲಿಗೆ ಕೆಟ್ಟದ್ದು. ನಿಮಿಷಕ್ಕೆ 600 ಘನ ಅಡಿ ಎಳೆಯುವ ಸಾಧಾರಣ ಯಂತ್ರವೂ ನಿನ್ನ ಕೋಣೆಯ ಅಷ್ಟೂ ಗಾಳಿಯನ್ನು ಒಂಬತ್ತು ನಿಮಿಷದೊಳಗೆ ಹೊರಗೆ ಚೆಲ್ಲುತ್ತದೆ. ಅಷ್ಟೆಲ್ಲ ಊದುಬತ್ತಿ ಹಿಡಿದು ಮುಚ್ಚಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಗ್ಯಾಸ್ ಹೀಟರ್ ಇದ್ದರಂತೂ ಈ ಎಳೆತಕ್ಕೆ ಅದರ ಹೊಗೆಯೂ ಕೊಳವೆಯಿಂದ ಹಿಂದಕ್ಕೆ ಒಳಗೆ ಬರಬಹುದು. ಸೂಕ್ಷ್ಮ ಫಿಲ್ಟರ್ ಹಾಕಿ ಗಾಳಿಯನ್ನು ಒಳಕ್ಕೇ ತಿರುಗಿಸು, ಕೊಯ್ಯುವ ಹೊತ್ತಿಗೆ ಮಾತ್ರ ಓಡಿಸು, ಫಿಲ್ಟರಿನಲ್ಲಿ ಕಂಜೂಸ್ ಮಾಡಬೇಡ.

ಬಿಲ್ಲು ಇಳಿಸುವ ಇನ್ನೊಂದು ದಾರಿಗೆ ಒಂದು ಸೆಂಟೂ ಬೇಡ. ಜನವರಿಯಲ್ಲೂ ನಡುವೆ ಎರಡು ಮೂರು ದಿನ ಚಳಿ ಸಡಿಲುವುದುಂಟು. ಕೊಯ್ಯುವುದು, ಯಂತ್ರದಲ್ಲಿ ಹೆರೆಯುವುದು ಎಲ್ಲ ಆ ದಿನಕ್ಕೆ ಒಟ್ಟು ಮಾಡಿಕೋ. ಉಳಿದ ದಿನ ಬೇಸ್‌ಮೆಂಟಿನಲ್ಲಿ ಉಳಿ, ಕೀಸುಳಿ, ಗರಗಸದ ಕೈಕೆಲಸ. ಒಂದು ಸ್ಟೂಲಿನ ಕೂಡಿಕೆ ಕೊರೆಯಲು ಎರಡು ಕಾರಿನ ಗ್ಯಾರೇಜು ಬೇಕಾಗಿಲ್ಲ. ಕೈಕೆಲಸ ಕಲಿಯಲು ಮಿನ್ನೆಸೋಟಾದ ಚಳಿಗಾಲದಷ್ಟು ಉದ್ದನೆಯ ಸಮಯ ಬೇರೆಲ್ಲೂ ಸಿಗುವುದಿಲ್ಲ ಅಂತ ಡೆಟ್ರಾಯಿಟ್ ಕಡೆಯವನಾದ ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಎಲ್ಲವನ್ನೂ ಈ ವರ್ಷವೇ ಮಾಡಬೇಕಂತಿಲ್ಲ. ಸಂದು, ಬಾಗಿಲಿನ ರಬ್ಬರು, ಕಾಲಡಿಯ ಹಾಸು ಡಿಸೆಂಬರಿನೊಳಗೆ ಆಗಲಿ. ಚಾವಣಿ ಕ್ರಿಸ್‌ಮಸ್ ರಜೆಗೆ. ನಾನೂ ಬರುತ್ತೇನೆ, ಚೀಲ ಒಡೆಯುವ ಕೆಲಸ ನನ್ನದು, ಅಟ್ಟ ಹತ್ತುವುದು ನಿನ್ನದು. ಗೋಡೆ ಮುಂದಿನ ವರ್ಷಕ್ಕಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಮಾತ್ರ ಇವತ್ತೇ ತಂದು, ಗ್ಯಾರೇಜಿನಿಂದ ಮನೆಯೊಳಗೆ ಬರುವ ಬಾಗಿಲ ಹತ್ತಿರ ಒಂದು, ಮಲಗುವ ಕೋಣೆಗಳ ಹತ್ತಿರ ಒಂದು ಹಾಕು. ಹಾಕಿ ಆದ ಮೇಲೆ ನನಗೆ ಫೋನ್ ಮಾಡಿ ಹೇಳು.